ಕೃಷಿ ಫೀಡರಿನ ಮೇಲೆ ಹಣ ಹೂಡುವ ಲೆಕ್ಕ: ತಂತಿ, ಪಾಳಿ, ಸೌರ ಇವನ್ನು ಬಿಡಿಬಿಡಿಯಾಗಿ ತೂಗಬಹುದೆ?

(ಹಲವರು ಅಡ್ಡಹೆಸರಿನಲ್ಲಿ ಬರೆದ ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಹೆಸರಿದೆ.)

ಕಪ್ಪತಗುಡ್ಡದ ಗಾಳಿ, ಗದಗ

ವಿದ್ಯುತ್ ದರದ ಅರ್ಜಿ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಬಂದಾಗಲೆಲ್ಲ ಯೂನಿಟ್ಟಿಗೆ ಎಷ್ಟು ಪೈಸೆ ಏರಿತು ಎಂಬುದರ ಮೇಲೆಯೇ ನಮ್ಮ ಮಾತು ನಿಲ್ಲುತ್ತದೆ. ಆ ಪೈಸೆಗಳ ಹಿಂದೆ ಬಂಡವಾಳ ವೆಚ್ಚದ ಒಂದು ದೊಡ್ಡ ಪಟ್ಟಿ ಇರುತ್ತದೆ: ಯಾವ ಲೈನಿಗೆ ಯಾವ ತಂತಿ, ಎಲ್ಲಿ ಹೊಸ ಉಪಕೇಂದ್ರ, ಯಾವ ಫೀಡರಿನ (ಉಪಕೇಂದ್ರದಿಂದ ಹೊರಟು ವಿದ್ಯುತ್ ಹಂಚುವ ಲೈನಿನ) ಬೇರ್ಪಡಿಕೆ. ಅದನ್ನು ಬಿಡಿಸಿ ಓದುವವರು ಕಡಿಮೆ. 2002ರ ಜೂನ್ 1ರಿಂದ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳ ವಿತರಣೆ ಒಂದೇ ಕಂಪನಿಯ ಕೈಯಲ್ಲಿದೆ. ಕಾರವಾರದ ಘಟ್ಟದ ಲೈನು, ಗೋಕುಲ ರಸ್ತೆಯ ಕಾರ್ಖಾನೆಗಳ ಲೈನು ಮತ್ತು ಶಿರಹಟ್ಟಿಯ ಕೊಳವೆಬಾವಿಗಳ ಲೈನು ಒಂದೇ ಸರಾಸರಿ ಅಂಕಿಯೊಳಗೆ ಬೆರೆತುಹೋದರೆ ಹಣ ಎಲ್ಲಿ ಗಿಟ್ಟುತ್ತದೆ, ಎಲ್ಲಿ ಗಿಟ್ಟುವುದಿಲ್ಲ ಎಂಬುದು ಕಾಣಿಸುವುದಿಲ್ಲ.

ಆದ್ದರಿಂದ ಒಂದೇ ಒಂದು ಫೀಡರನ್ನು ಹಿಡಿದು ಲೆಕ್ಕ ಹಾಕೋಣ ಎಂದು ಸೂಚಿಸುತ್ತಿದ್ದೇನೆ. ಇದು ನಿಜವಾದ ಯಾವುದೇ ಫೀಡರ್ ಅಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಕೃಷಿ ಲೈನುಗಳ ಸ್ವಭಾವವನ್ನು ನೋಡಿ ನಾನು ಇಟ್ಟುಕೊಂಡ ಮಾದರಿ. 33/11 ಕೆವಿ ಉಪಕೇಂದ್ರದಿಂದ ಹೊರಡುವ 11 ಕೆವಿ ಫೀಡರ್, ಮುಖ್ಯ ಲೈನಿನ ಉದ್ದ 12 ಕಿಲೋಮೀಟರ್, ವೀಸಲ್ ಎಂಬ ಸಣ್ಣ ಗಾತ್ರದ ತಂತಿ, ಗರಿಷ್ಠ 120 ಆಂಪಿಯರ್, ಪವರ್ ಫ್ಯಾಕ್ಟರ್ (ಹರಿಯುವ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು) 0.85. ಪಂಪ್‌ಸೆಟ್‌ಗಳು ಲೈನಿನ ಉದ್ದಕ್ಕೂ ಹೆಚ್ಚುಕಡಿಮೆ ಸಮನಾಗಿ ಹರಡಿವೆ. ವರ್ಷದಲ್ಲಿ 150 ದಿನ, ದಿನಕ್ಕೆ 7 ಗಂಟೆ ಮೂರು ಫೇಸ್ ಪೂರೈಕೆ ಇದ್ದು, ಆ ಅವಧಿಯಲ್ಲಿ ಪೂರ್ತಿ ಹೊರೆ ಬೀಳುತ್ತದೆ ಎಂದುಕೊಳ್ಳಿ. ಉಳಿದ ದಿನಗಳ ಹೊರೆ ಅಲ್ಪವೆಂದು ಸದ್ಯಕ್ಕೆ ಬಿಟ್ಟಿದ್ದೇನೆ.

ಪ್ರಶ್ನೆ ಇಷ್ಟು. ವೀಸಲ್ ತೆಗೆದು ಅದಕ್ಕಿಂತ ದಪ್ಪನೆಯ ರ‍್ಯಾಬಿಟ್ ತಂತಿ ಎಳೆಯಬೇಕೆ, ಪಂಪ್‌ಸೆಟ್‌ಗಳನ್ನು ಎರಡು ಪಾಳಿಗೆ ಒಡೆಯಬೇಕೆ, ಅಥವಾ ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಪಿಎಂ-ಕುಸುಮ್ ಯೋಜನೆಯ ಸಿ ಘಟಕದಡಿ ಉಪಕೇಂದ್ರದ ಬಳಿ ಸೌರ ಸ್ಥಾವರ ಹಾಕಿ ಹಗಲು ವಿದ್ಯುತ್ ಕೊಡಬೇಕೆ? ತಂತಿ ಬದಲಾವಣೆಗೆ ಕಿಲೋಮೀಟರಿಗೆ 4 ಲಕ್ಷ, ಖರೀದಿ ವಿದ್ಯುತ್ತಿಗೆ ಯೂನಿಟ್ಟಿಗೆ 5 ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ. ಈ ಎರಡೂ ಊಹೆಗಳೇ. ಬೇಕಾದವರು ಬದಲಿಸಿ ನೋಡಬಹುದು.

ನಿವೃತ್ತ ಇಂಜಿನಿಯರ್, ಧಾರವಾಡ

ಮೊದಲು ತಂತಿಯ ಲೆಕ್ಕವನ್ನು ಮುಗಿಸಿಬಿಡೋಣ. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.93 ಓಮ್, ರ‍್ಯಾಬಿಟ್ ತಂತಿಯದು ಸುಮಾರು 0.55 ಓಮ್. ಹೊರೆ ಉದ್ದಕ್ಕೂ ಸಮನಾಗಿ ಹರಡಿದ್ದಾಗ, ಅಷ್ಟೂ ಹೊರೆ ತುದಿಯಲ್ಲಿದ್ದರೆ ಆಗುವ ನಷ್ಟದ ಮೂರನೆಯ ಒಂದು ಭಾಗ ಮಾತ್ರ ಆಗುತ್ತದೆ. ಹಾಗಾಗಿ ಗರಿಷ್ಠ ಹೊರೆಯಲ್ಲಿ ವೀಸಲ್‌ನಲ್ಲಿ ಸುಮಾರು 161 ಕಿಲೋವ್ಯಾಟ್, ರ‍್ಯಾಬಿಟ್‌ನಲ್ಲಿ 95 ಕಿಲೋವ್ಯಾಟ್ ಶಾಖವಾಗಿ ಹೋಗುತ್ತದೆ. ವ್ಯತ್ಯಾಸ 66 ಕಿಲೋವ್ಯಾಟ್ ಆಸುಪಾಸು.

ಈ ಉಳಿತಾಯ ವರ್ಷದಲ್ಲಿ ಎಷ್ಟು ಹೊತ್ತು ಸಿಗುತ್ತದೆ ಎಂಬಲ್ಲಿಯೇ ಉತ್ತರ ಅಡಗಿದೆ. ನೀವು ಕೊಟ್ಟ 1,050 ಗಂಟೆಗಳಿಗೆ ಗುಣಿಸಿದರೆ 69,000 ಯೂನಿಟ್, ಅಂದರೆ ವರ್ಷಕ್ಕೆ 3.45 ಲಕ್ಷ ರೂಪಾಯಿ. ಇದೇ ತಂತಿ, ಇದೇ 120 ಆಂಪಿಯರ್, ಆದರೆ ಮನೆ, ಅಂಗಡಿ, ಹಿಟ್ಟಿನ ಗಿರಣಿ ಬೆರೆತ ಪಟ್ಟಣದ ಫೀಡರ್ ಎಂದಿಟ್ಟುಕೊಳ್ಳಿ. ಲೋಡ್ ಫ್ಯಾಕ್ಟರ್ (ಗರಿಷ್ಠ ಹೊರೆಗೆ ಸರಾಸರಿ ಹೊರೆಯ ಅನುಪಾತ) 0.5 ಇದ್ದರೆ, ರೂಢಿಯ ಸೂತ್ರದಂತೆ ಅದರ ಹತ್ತರ ಮೂರು ಭಾಗವನ್ನೂ ಅದರ ವರ್ಗದ ಹತ್ತರ ಏಳು ಭಾಗವನ್ನೂ ಕೂಡಿಸಿದಾಗ ನಷ್ಟದ ಫ್ಯಾಕ್ಟರ್ (ಗರಿಷ್ಠ ನಷ್ಟಕ್ಕೆ ಸರಾಸರಿ ನಷ್ಟದ ಅನುಪಾತ) 0.325 ಬರುತ್ತದೆ. ಆಗ ಉಳಿತಾಯ 1.87 ಲಕ್ಷ ಯೂನಿಟ್, ವರ್ಷಕ್ಕೆ 9.35 ಲಕ್ಷ ರೂಪಾಯಿ. ತಂತಿಯ ವೆಚ್ಚ ಎರಡರಲ್ಲಿಯೂ 48 ಲಕ್ಷ. ಅದನ್ನು 25 ವರ್ಷಕ್ಕೆ ಶೇ 10ರ ದರದಲ್ಲಿ ಹಂಚಿದರೆ ವಾರ್ಷಿಕ ಹೊರೆ 5.29 ಲಕ್ಷ. ಪಟ್ಟಣದ ಫೀಡರಿಗೆ ತಂತಿ ಗಿಟ್ಟುತ್ತದೆ, ಕೃಷಿ ಫೀಡರಿಗೆ ಗಿಟ್ಟುವುದಿಲ್ಲ.

ಇಲ್ಲಿಗೇ ಕೈಬಿಟ್ಟರೆ ಮಾತ್ರ ಎಡವಟ್ಟಾಗುತ್ತದೆ. ಇದೇ ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿತ ಲೆಕ್ಕ ಹಾಕಿ: ವೀಸಲ್‌ನಲ್ಲಿ ಸುಮಾರು ಶೇ 11.2, ರ‍್ಯಾಬಿಟ್‌ನಲ್ಲಿ ಶೇ 7.5. ಹೈ ವೋಲ್ಟೇಜ್ ಲೈನಿನಲ್ಲಿ ಕೆಳಮುಖವಾಗಿ ಶೇ 9ರವರೆಗೆ ಮಾತ್ರ ವ್ಯತ್ಯಾಸ ಇರಬಹುದೆಂಬ ಮಿತಿ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಇತ್ತು. ಅಂದರೆ ನಷ್ಟದ ಲೆಕ್ಕ ಬೇಡ ಎನ್ನುವ ತಂತಿಯನ್ನು ವೋಲ್ಟೇಜಿನ ಲೆಕ್ಕ ಬೇಕೇ ಬೇಕು ಎನ್ನುತ್ತದೆ. ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ ನಷ್ಟ ಐದನೆಯ ಒಂದು ಭಾಗ ಇಳಿಯುತ್ತದೆ. ಆದರೆ ತುದಿಯ ಕುಸಿತ ಶೇ 10ರ ಮೇಲೆಯೇ ಉಳಿಯುತ್ತದೆ.

ಮಸಾರಿ ಹೊಲ, ಶಿರಹಟ್ಟಿ

ಮಾನ್ಯರೆ, ಗರಿಷ್ಠ ಹೊರೆ 7 ಗಂಟೆಯೂ ಬೀಳುತ್ತದೆ ಎಂಬ ಊಹೆಯನ್ನು ಕೆಲವರು ಅತಿಯಾಯಿತು ಎನ್ನಬಹುದು. ನಮ್ಮ ಕಡೆ ಅದೇ ನಿಜ. ಪ್ರತಿಯೊಂದು ಬೋರಿನ ಪೆಟ್ಟಿಗೆಯಲ್ಲಿಯೂ ಆಟೊ ಸ್ಟಾರ್ಟರ್ ಇದೆ. ಮೂರು ಫೇಸ್ ಬಂದ ಅರೆಕ್ಷಣದಲ್ಲಿ ಇಡೀ ಲೈನಿನ ಮೋಟರುಗಳು ಒಟ್ಟಿಗೆ ಎದ್ದು ಕೂರುತ್ತವೆ. ತುದಿಯಲ್ಲಿರುವ ನಾವು ಪೆಟ್ಟಿಗೆ ತೆರೆದರೆ ವೋಲ್ಟ್‌ಮೀಟರಿನ ಮುಳ್ಳು ಮೇಲೇಳದೆ ನಡುಗುತ್ತಿರುತ್ತದೆ, ಸ್ಟಾರ್ಟರ್ ಕಟಕಟ ಎಂದು ಹಿಡಿದು ಬಿಡುತ್ತದೆ, ಒಂದೆರಡು ಸಲ ಹೀಗಾದ ಮೇಲೆ ಮೋಟರನ್ನು ಕಾಯುವ ರಿಲೇ ಬೀಳುತ್ತದೆ. ಆಗ ರೈತ ಮಾಡುವ ಕೆಲಸವೆಂದರೆ ರಿಲೇಯನ್ನೇ ತಪ್ಪಿಸಿ ನೇರ ಜೋಡಿಸುವುದು. ಮೋಟರ್ ಸುಟ್ಟರೆ ರಿವೈಂಡಿಂಗ್ ಖರ್ಚು ನಮ್ಮದು, ಎತ್ತಿ ಇಳಿಸುವ ಕೂಲಿ ನಮ್ಮದು, ಆ ವಾರ ಒಣಗುವ ಈರುಳ್ಳಿಯೂ ನಮ್ಮದೇ. ಈ ಖರ್ಚು ನಿಮ್ಮ ಕೋಷ್ಟಕದ ಯಾವ ಕಂಬದಲ್ಲಿಯೂ ಇಲ್ಲ.

ಎರಡು ಪಾಳಿ ಎಂದರೆ ಒಂದು ಪಾಳಿ ರಾತ್ರಿ ಬರುತ್ತದೆ ಎಂದೇ ಅರ್ಥ. ಕತ್ತಲೆಯಲ್ಲಿ, ಹಸಿ ನೆಲದಲ್ಲಿ, ಹಾವು ಹರಿದಾಡುವ ಬದುವಿನ ಮೇಲೆ ಹೋಗಿ ನೀರು ತಿರುವಿ ಬರುವುದಕ್ಕೆ ಅರ್ಥಶಾಸ್ತ್ರದಲ್ಲಿ ಬೆಲೆ ಇದೆಯೇ ಎಂದು ತಿಳಿದವರು ಹೇಳಬೇಕು. ಇನ್ನೊಂದು ಮಾತು. ಗುಡ್ಡದ ಮೇಲೆ ಗಾಳಿಯಂತ್ರಗಳು ಕಣ್ಣೆದುರೇ ತಿರುಗುತ್ತಿರುವಾಗ ನಮಗೇ ಏಕೆ ವೋಲ್ಟೇಜ್ ಇಲ್ಲ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ.

ನಿವೃತ್ತ ಇಂಜಿನಿಯರ್, ಧಾರವಾಡ

ಗಾಳಿಯಂತ್ರದ ಪ್ರಶ್ನೆಗೆ ಚಿಕ್ಕ ಉತ್ತರ: ಆ ವಿದ್ಯುತ್ತು 33 ಅಥವಾ ಅದಕ್ಕೂ ಮೇಲಿನ ಕೆವಿ ಮಟ್ಟದಲ್ಲಿ ಜಾಲಕ್ಕೆ ಸೇರಿ ಹೊರಟುಹೋಗುತ್ತದೆ. ನಿಮ್ಮ ತೊಂದರೆ ಇರುವುದು ಕೊನೆಯ 12 ಕಿಲೋಮೀಟರಿನ ಸಣ್ಣ ತಂತಿಯಲ್ಲಿ. ಜೊತೆಗೆ ಗಾಳಿ ಜೋರಾಗಿರುವುದು ಮುಂಗಾರಿನಲ್ಲಿ, ಬೋರುಗಳಿಗೆ ಹೆಚ್ಚು ಕೆಲಸ ಬೀಳುವುದು ಮಳೆ ನಿಂತ ಮೇಲೆ.

ಪಾಳಿಯ ಅಂಕಿಗಳನ್ನೂ ಹೇಳಿಬಿಡುತ್ತೇನೆ. ಹೊರೆಯನ್ನು ಸಮನಾಗಿ ಎರಡು ಮಾಡಿದರೆ ಪ್ರತಿ ಪಾಳಿಯಲ್ಲಿ 60 ಆಂಪಿಯರ್ ಹರಿಯುತ್ತದೆ, ನಷ್ಟ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಗಂಟೆಗಳು ಇಮ್ಮಡಿಯಾಗುತ್ತವೆ. ವರ್ಷದ ನಷ್ಟ 1.69 ಲಕ್ಷ ಯೂನಿಟ್‌ನಿಂದ 84,000ಕ್ಕೆ ಬರುತ್ತದೆ. ಅಂದರೆ 48 ಲಕ್ಷದ ತಂತಿ ಉಳಿಸುವುದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಬರಿಯ ವೇಳಾಪಟ್ಟಿ ಉಳಿಸುತ್ತದೆ, ವೋಲ್ಟೇಜ್ ಕುಸಿತವೂ ಶೇ 5.6ಕ್ಕೆ ಇಳಿಯುತ್ತದೆ.

ಉಣಕಲ್, ಹುಬ್ಬಳ್ಳಿ

ಹಿರಿಯರ ಲೆಕ್ಕಕ್ಕೆ ಒಂದು ತಿದ್ದುಪಡಿ ಅಗತ್ಯ. ಸಮನಾಗಿ ಒಡೆಯಬೇಕಾದರೆ ಪ್ರತಿ ಟಿಸಿಗೂ (ಟ್ರಾನ್ಸ್‌ಫಾರ್ಮರಿಗೂ) ಅಥವಾ ಪ್ರತಿ ಕವಲಿಗೂ ಸ್ವಿಚ್ ಬೇಕು. ಕ್ಷೇತ್ರದಲ್ಲಿ ಸುಲಭವಾಗಿ ಆಗುವುದು ನಡುವೆ ಒಂದು ಸ್ವಿಚ್ ಇಟ್ಟು ಉಪಕೇಂದ್ರದ ಕಡೆಯ ಅರ್ಧ, ತುದಿಯ ಕಡೆಯ ಅರ್ಧ ಎಂದು ಒಡೆಯುವುದು. ಹಾಗೆ ಮಾಡಿದಾಗ ತುದಿಯ ಪಾಳಿಯ 60 ಆಂಪಿಯರ್ ಮೊದಲ 6 ಕಿಲೋಮೀಟರನ್ನು ಪೂರ್ತಿಯಾಗಿ ದಾಟಬೇಕು. ತುದಿಯ ಪಾಳಿಯಲ್ಲಿ 80, ಮೊದಲ ಪಾಳಿಯಲ್ಲಿ 20 ಕಿಲೋವ್ಯಾಟ್ ನಷ್ಟ ಬಂದು, ವರ್ಷದ ಉಳಿತಾಯ 63,000 ಯೂನಿಟ್ಟಿಗೆ ನಿಲ್ಲುತ್ತದೆ. ತುದಿಯ ವೋಲ್ಟೇಜ್ ಕುಸಿತ ಶೇ 8.4, ಮಿತಿಯ ಒಳಗೆ ಇದೆ, ಆದರೆ ಕೂದಲೆಳೆಯಷ್ಟು. ಆದರೂ ತಂತಿಯ 69,000ಕ್ಕೆ ಇದು ಹತ್ತಿರವೇ ಇದೆ, ಖರ್ಚು ಒಂದೆರಡು ಸ್ವಿಚ್ ಮತ್ತು ಅದನ್ನು ನಿಯಮಿತವಾಗಿ ನಡೆಸುವ ವ್ಯವಸ್ಥೆಗೆ ಮಾತ್ರ.

ಅರ್ಥಶಾಸ್ತ್ರದ ಮೇಷ್ಟ್ರು, ಧಾರವಾಡ

ಡಿಸ್ಕೌಂಟ್ ದರದ (ಮುಂದಿನ ವರ್ಷಗಳ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರದ) ಬಗ್ಗೆ ಯಾರೂ ಪ್ರಶ್ನೆ ಎತ್ತದಿರುವುದು ಅಚ್ಚರಿ. ಇಂಥ ಮಾದರಿಗಳಲ್ಲಿ ಅರ್ಧ ಜಗಳವನ್ನು ತೀರ್ಮಾನಿಸುವುದೇ ಆ ಒಂದು ಅಂಕಿ. ಬಂಡವಾಳದಲ್ಲಿ ಶೇ 70 ಸಾಲ, ಶೇ 30 ಈಕ್ವಿಟಿ (ಸ್ವಂತ ಬಂಡವಾಳ), ಈಕ್ವಿಟಿಗೆ ಶೇ 15.5 ಪ್ರತಿಫಲ ಎಂಬುದು ನಮ್ಮ ಆಯೋಗ ಬಳಸುತ್ತ ಬಂದ ಚೌಕಟ್ಟು. ಸಾಲದ ಬಡ್ಡಿ ಶೇ 9.5 ಎಂದು ಹಿಡಿದರೆ ಕೂಡಿಸಿದ ದರ ಶೇ 11.3 ಬರುತ್ತದೆ. ಆ ದರದಲ್ಲಿ 48 ಲಕ್ಷದ ತಂತಿಯ ವಾರ್ಷಿಕ ಹೊರೆ 5.82 ಲಕ್ಷ, 3.45 ಲಕ್ಷದ ಉಳಿತಾಯದ ಎದುರು ತಂತಿ ಸೋಲುತ್ತದೆ. ಬ್ರಿಟನ್ನಿನ ಖಜಾನೆ ಸಾರ್ವಜನಿಕ ಯೋಜನೆಗಳಿಗೆ ಸೂಚಿಸುವ ಶೇ 3.5ರಲ್ಲಿ ಇದೇ ಹೊರೆ 2.91 ಲಕ್ಷಕ್ಕೆ ಇಳಿದು ತಂತಿ ಗೆಲ್ಲುತ್ತದೆ.

ಆದರೆ ಈ ಎರಡನ್ನು ಪಕ್ಕಪಕ್ಕ ಇಟ್ಟು ವಾದಿಸುವುದು ತಪ್ಪು. ಶೇ 3.5 ಎಂಬುದು ಹಣದುಬ್ಬರ ಕಳೆದ ನೈಜ ದರ, ಶೇ 11.3 ಹಣದುಬ್ಬರ ಸೇರಿದ ದರ. ವಿದ್ಯುತ್ತಿನ 5 ರೂಪಾಯಿ 25 ವರ್ಷವೂ 5 ರೂಪಾಯಿಯೇ ಇರುತ್ತದೆ ಎಂದು ಹಿಡಿದು, ಅದೇ ಉಸಿರಿನಲ್ಲಿ ಹಣದುಬ್ಬರ ಸೇರಿದ ದರವನ್ನು ಬಳಸಿದರೆ ದೀರ್ಘಕಾಲ ಬಾಳುವ ಪ್ರತಿಯೊಂದು ಆಸ್ತಿಗೂ ಅನ್ಯಾಯವಾಗುತ್ತದೆ. ಹಣದುಬ್ಬರ ಶೇ 5 ಎಂದು ಕಳೆದರೆ ನಮ್ಮ ದರ ನೈಜವಾಗಿ ಶೇ 6. ಆಗ ವಾರ್ಷಿಕ ಹೊರೆ 3.75 ಲಕ್ಷ, ಉಳಿತಾಯ 3.45 ಲಕ್ಷ. ಹೆಚ್ಚುಕಡಿಮೆ ಸಮ. ಶಿರಹಟ್ಟಿಯವರು ಹೇಳಿದ ಮೋಟರ್ ಸುಡುವ ಖರ್ಚನ್ನು ಫೀಡರಿಗೆ ವರ್ಷಕ್ಕೆ 30,000 ರೂಪಾಯಿಗಿಂತ ತುಸು ಹೆಚ್ಚು ಎಂದು ಸೇರಿಸಿದರೂ ತಕ್ಕಡಿ ತಂತಿಯತ್ತ ವಾಲುತ್ತದೆ.

ರಾತ್ರಿ ಪಾಳಿಯ ಬೆಲೆಯ ಬಗ್ಗೆ ಕೇಳಿದ್ದಾರೆ. ಅದಕ್ಕೆ ಬೆಲೆ ಖಂಡಿತ ಇದೆ. ರಾತ್ರಿ ನೀರು ಕಟ್ಟಲು ಕೂಲಿಯವರು ಹಗಲಿಗಿಂತ ಎಷ್ಟು ಹೆಚ್ಚು ಕೇಳುತ್ತಾರೆ ಎಂಬುದನ್ನು ಹತ್ತು ಊರುಗಳಲ್ಲಿ ವಿಚಾರಿಸಿದರೆ ಕನಿಷ್ಠ ಅಂದಾಜು ಸಿಗುತ್ತದೆ. ಜೀವದ ಅಪಾಯ ಅದರಲ್ಲಿ ಪೂರ್ತಿ ಬರುವುದಿಲ್ಲ. ಆದರೆ ಸೊನ್ನೆ ಎಂದು ಬರೆಯುವುದಕ್ಕಿಂತ ಅದು ಮೇಲು.

ಲೆಕ್ಕಪತ್ರ, ಹುಬ್ಬಳ್ಳಿ

ಪಾಳಿಯೂ ತಂತಿಯೂ ಸರಿಸುಮಾರು ಒಂದೇ ಪ್ರಮಾಣದ ವಿದ್ಯುತ್ತನ್ನು ಉಳಿಸುತ್ತವೆ ಎಂದು ಸಾಬೀತಾದರೂ ಯಾವುದೇ ವಿತರಣಾ ಕಂಪನಿ ತಂತಿಯತ್ತಲೇ ವಾಲುತ್ತದೆ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ನಿಯಂತ್ರಣದ ರಚನೆಯೇ ಹಾಗಿದೆ. ತಂತಿಗೆ ಹಾಕಿದ ಹಣ ಆಸ್ತಿಯ ಮೊತ್ತಕ್ಕೆ ಸೇರಿ, ಸವಕಳಿಯ ಜೊತೆಗೆ ಈಕ್ವಿಟಿ ಭಾಗಕ್ಕೆ ಪ್ರತಿಫಲವನ್ನೂ ತರುತ್ತದೆ. ಸ್ವಿಚ್ ತಿರುಗಿಸಲು ಒಬ್ಬ ಪವರ್‌ಮ್ಯಾನ್‌ಗೆ ಕೊಡುವ ಸಂಬಳ ನಿರ್ವಹಣಾ ವೆಚ್ಚ; ಅದರ ಮೇಲೆ ಪ್ರತಿಫಲವಿಲ್ಲ. ಪ್ರತಿಫಲದ ದರ ನಿಗದಿಯಾದ ಸಂಸ್ಥೆ ಅಗತ್ಯಕ್ಕಿಂತ ಹೆಚ್ಚು ಬಂಡವಾಳದ ಕಡೆ ಸರಿಯುತ್ತದೆ ಎಂದು ಹಾರ್ವೆ ಆವರ್ಚ್ ಮತ್ತು ಲೇಲೆಂಡ್ ಜಾನ್ಸನ್ 1962ರಲ್ಲಿಯೇ ತೋರಿಸಿದ್ದರು. ಬ್ರಿಟನ್ನಿನಲ್ಲಿ 2015ರಿಂದ ವಿತರಣಾ ಕಂಪನಿಗಳಿಗೆ ಜಾರಿಯಾದ ನಿಯಂತ್ರಣ ಅವಧಿಯಲ್ಲಿ ಬಂಡವಾಳ ಮತ್ತು ನಿರ್ವಹಣೆ ಎರಡನ್ನೂ ಕೂಡಿಸಿ ಒಂದೇ ಒಟ್ಟು ವೆಚ್ಚವಾಗಿ ನೋಡಿದ್ದು ಈ ವಾಲಿಕೆಯನ್ನು ತಗ್ಗಿಸಲೆಂದೇ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ಅದರ ಹಣವನ್ನು 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ರಾಜ್ಯ ಸರಕಾರ ಮುಂಗಡವಾಗಿ ತುಂಬಬೇಕು. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದ ಕಾರಣ ಬಳಕೆ ಅಂದಾಜಿನದು. ಫೀಡರಿಗೆ ಹೋದ ಯೂನಿಟ್ಟುಗಳು ಮಾತ್ರ ಅಳತೆಗೆ ಸಿಗುತ್ತವೆ. ಅದರಲ್ಲಿ ತಂತಿಯ ಶಾಖ ಎಷ್ಟು, ಬೋರಿನ ನೀರು ಎಷ್ಟು ಎಂಬುದು ಕಾಗದದ ಮೇಲಿನ ವಿಭಜನೆ. ನೀವು 69,000 ಯೂನಿಟ್ ಉಳಿಸಿದರೆ ಅದು ನಷ್ಟದ ಇಳಿಕೆಯಾಗಿ ಕಾಣುತ್ತದೋ, ರೈತರ ಬಳಕೆಯ ಇಳಿಕೆಯಾಗಿ ಕಾಣುತ್ತದೋ ಎಂಬುದು ಅಂದಾಜಿನ ವಿಧಾನವನ್ನು ಅವಲಂಬಿಸಿದೆ. ಮೊದಲನೆಯದಾದರೆ ಲಾಭ ಎಲ್ಲ ಗ್ರಾಹಕರ ದರಕ್ಕೆ, ಎರಡನೆಯದಾದರೆ ಸರಕಾರದ ಸಬ್ಸಿಡಿಗೆ. ನಿರಂತರ ಜ್ಯೋತಿ ಯೋಜನೆಯಡಿ ಕೃಷಿ ಫೀಡರ್ ಬೇರೆಯಾದ ಕಡೆ ಈ ಮಬ್ಬು ಅರ್ಧ ಕಡಿಮೆಯಾಗಿದೆ, ಏಕೆಂದರೆ ಮನೆಗಳ ಹೊರೆ ಅದರೊಳಗೆ ಬೆರೆತಿಲ್ಲ.

ಬ್ಯಾಡಗಿ ದಾಸ್ತಾನು, ಹಾವೇರಿ

ಕೃಷಿ ಫೀಡರಿನ ಚರ್ಚೆಯಲ್ಲಿ ಶೀತಲಗೃಹದವರಿಗೆ ಏನು ಕೆಲಸ ಎಂದು ಕೇಳಬೇಡಿ. ಬಂಡವಾಳದ ಒಂದೇ ಗಂಟಿನಿಂದ ನಮಗೂ ಹಣ ಬರಬೇಕು. ಮೆಣಸಿನಕಾಯಿ ತುಂಬಿದ ಕೋಣೆಗೆ ಅರ್ಧ ಗಂಟೆ ವಿದ್ಯುತ್ ಹೋದರೆ ಏನೂ ಆಗುವುದಿಲ್ಲ. ದಪ್ಪ ಗೋಡೆ, ತಣ್ಣಗಾದ ಚೀಲಗಳೇ ಅಷ್ಟು ಹೊತ್ತು ಕಾಯುತ್ತವೆ. ಎಂಟು ಗಂಟೆ ಹೋದರೆ ಜನರೇಟರ್ ಹಚ್ಚಲೇಬೇಕು. ಲೀಟರ್ ಡೀಸೆಲ್‌ಗೆ 3ರಿಂದ 3.5 ಯೂನಿಟ್ ಬರುತ್ತದೆ, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಇಂಧನಕ್ಕೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಹೋದ ವಿದ್ಯುತ್ತಿನ ಬೆಲೆಯನ್ನು ಯೂನಿಟ್ಟಿಗೆ ಇಷ್ಟು ಎಂದು ಒಂದೇ ಅಂಕಿ ಹಾಕುವ ಮಾದರಿಗೆ ನನ್ನ ಆಕ್ಷೇಪವಿದೆ. ನಮ್ಮಲ್ಲಿ ಮೊದಲ ಗಂಟೆಯ ಬೆಲೆ ಸೊನ್ನೆ, ಎಂಟನೆಯ ಗಂಟೆಯದು ಬಹಳ.

ಬೆಟಗೇರಿ ಮಗ್ಗ

ನಮ್ಮಲ್ಲಿ ಅದು ತಿರುವುಮುರುವು. ವಿದ್ಯುತ್ ಮಗ್ಗ ನಡೆಯುವಾಗ ಎರಡು ಸೆಕೆಂಡ್ ಹೋಗಿ ಬಂದರೂ ಎಳೆ ಕಡಿಯುತ್ತದೆ, ಬಟ್ಟೆಯ ಮೇಲೆ ಗೆರೆ ಬೀಳುತ್ತದೆ, ಎಳೆ ಜೋಡಿಸಿ ಮತ್ತೆ ಹಚ್ಚುವಷ್ಟರಲ್ಲಿ ಕಾಲು ಗಂಟೆ ಹೋಗಿರುತ್ತದೆ. ಒಂದೇ ಸಲ ಎರಡು ಗಂಟೆ ತೆಗೆದರೆ ನಾವು ಊಟ ಮುಗಿಸಿ ಬರುತ್ತೇವೆ. ಆದ್ದರಿಂದ ಬ್ಯಾಡಗಿಯವರಿಗೆ ವರ್ಷಕ್ಕೆ ಒಟ್ಟು ಎಷ್ಟು ಗಂಟೆ ಹೋಯಿತು ಎಂಬ ಸೂಚ್ಯಂಕ ಮುಖ್ಯ, ನಮಗೆ ಎಷ್ಟು ಸಲ ಹೋಯಿತು ಎಂಬುದು ಮುಖ್ಯ. ಆ ಎರಡನ್ನು ಬೇರೆಬೇರೆ ಬೆಲೆಗೆ ಗುಣಿಸದೆ ಯಾವ ಊರಿಗೆ ಹಣ ಮೊದಲು ಎಂದು ಹೇಳುವುದು ನ್ಯಾಯವಲ್ಲ.

ಉಣಕಲ್, ಹುಬ್ಬಳ್ಳಿ

ನಗರದ ಕಡೆಯಿಂದ ಒಂದೇ ಮಾತು ಸೇರಿಸಿ ಮತ್ತೆ ಶಿರಹಟ್ಟಿಗೆ ಮರಳುತ್ತೇನೆ. ವಿದ್ಯಾನಗರ, ಕೇಶ್ವಾಪುರದಂಥ ಬಡಾವಣೆಗಳಲ್ಲಿ ಹೊರೆ ಎತ್ತ ಹೋಗುತ್ತದೆ ಎಂದು ಹೇಳುವುದು ಕಷ್ಟ. ವಿದ್ಯುತ್ ವಾಹನಗಳು ಅದನ್ನು ಏರಿಸಬಹುದು. 2024ರಲ್ಲಿ ಬಂದ ಸೂರ್ಯ ಘರ್ ಯೋಜನೆಯ ಚಾವಣಿ ಫಲಕಗಳು ಹಗಲಿನ ಹೊರೆಯನ್ನು ಇಳಿಸಬಹುದು, ಸಂಜೆಯದನ್ನು ಮುಟ್ಟದೆಯೇ ಬಿಡಬಹುದು. ಇಂಥ ಕಡೆ ಕಾಯುವುದಕ್ಕೂ ಬೆಲೆ ಇದೆ. 8 ಕೋಟಿಯ ಉಪಕೇಂದ್ರವೊಂದನ್ನು ನಾಲ್ಕು ವರ್ಷ ಮುಂದೂಡಿದರೆ ಶೇ 10ರ ದರದಲ್ಲಿ 2.5 ಕೋಟಿ ಉಳಿಯಿತೆಂದು ಬರೆಯುವವರಿದ್ದಾರೆ. ಆ ನಾಲ್ಕು ವರ್ಷದಲ್ಲಿ ಕಟ್ಟುವ ಖರ್ಚು ವರ್ಷಕ್ಕೆ ಶೇ 5 ಏರಿದರೆ ನಿಜವಾದ ಉಳಿತಾಯ 1.36 ಕೋಟಿ. ಅಷ್ಟರೊಳಗೆ ಈಗಿರುವ ಫೀಡರುಗಳ ನಡುವೆ ಹೊರೆ ಹಂಚಿ ಕಾಲ ತಳ್ಳಲು ಸಾಧ್ಯವಾದರೆ ಕಾಯಬೇಕು, ಇಲ್ಲದಿದ್ದರೆ ಕಟ್ಟಬೇಕು. ಕೃಷಿ ಫೀಡರಿನಲ್ಲಿ ಇಂಥ ಅನಿಶ್ಚಿತತೆ ಕಡಿಮೆ. ಅಲ್ಲಿ ಹೊರೆಯನ್ನು ನಿರ್ಧರಿಸುವುದು ಅಂತರ್ಜಲದ ಆಳ ಮತ್ತು ಸರಕಾರದ ವೇಳಾಪಟ್ಟಿ.

ಕಪ್ಪತಗುಡ್ಡದ ಗಾಳಿ, ಗದಗ

ಎಲ್ಲರ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಇಟ್ಟಾಗ, ನಾನು ಮೂರು ಆಯ್ಕೆಗಳೆಂದು ಬರೆದದ್ದು ಒಂದರ ಮೇಲೊಂದು ಹಾಯ್ದು ನಿಂತಿರುವುದು ಕಾಣುತ್ತಿದೆ. ಇದನ್ನು ಸ್ವಲ್ಪ ಬಿಡಿಸುತ್ತೇನೆ.

ಪಾಳಿ ಒಡೆಯುವುದೆಂದರೆ 14 ಗಂಟೆಗಳ ಪೂರೈಕೆ. ಬಿಸಿಲು ಬಲವಾಗಿರುವುದು ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಸರಿಯಾಗಿ ಒಂದು ಪಾಳಿಯಷ್ಟು. ಹಗಲು ಸೌರ ವಿದ್ಯುತ್ ಕೊಡುತ್ತೇವೆ ಎಂದ ಕೂಡಲೇ ಎರಡು ಪಾಳಿಯವರೂ ಆ 7 ಗಂಟೆಯೊಳಗೆ ಬರಬೇಕು, ತಂತಿಯ ಮೇಲೆ ಮತ್ತೆ 120 ಆಂಪಿಯರ್. ಪಾಳಿಯಿಂದ ಉಳಿದದ್ದೆಲ್ಲ ಅಲ್ಲಿಗೆ ಹೋಯಿತು. ಸ್ಥಾವರ ಉಪಕೇಂದ್ರದ ಪಕ್ಕದಲ್ಲಿದ್ದರೆ 33 ಕೆವಿ ಲೈನಿಗೆ ಹಗುರವಾಗುತ್ತದೆ, ಆದರೆ ಈ 12 ಕಿಲೋಮೀಟರಿನ ಮೇಲೆ ಹರಿಯುವ ವಿದ್ಯುತ್ತು ಒಂದು ಆಂಪಿಯರ್ ಕೂಡ ಕಡಿಮೆಯಾಗುವುದಿಲ್ಲ. ತುದಿಯಲ್ಲಿ ಮತ್ತದೇ ಶೇ 11.2ರ ಕುಸಿತ.

ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 3 ರೂಪಾಯಿ ಎಂದು ಹಿಡಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ನಷ್ಟವಾಗುವ ವಿದ್ಯುತ್ತೂ ಅಗ್ಗವಾಗುವುದರಿಂದ ತಂತಿಯ 69,000 ಯೂನಿಟ್ ಉಳಿತಾಯದ ಬೆಲೆ 3.45 ಲಕ್ಷದಿಂದ 2.07 ಲಕ್ಷಕ್ಕೆ ಕುಸಿಯುತ್ತದೆ. ಅಂದರೆ ನಷ್ಟದ ಲೆಕ್ಕದಲ್ಲಿ ತಂತಿ ಇನ್ನೂ ದುರ್ಬಲ, ವೋಲ್ಟೇಜಿನ ಲೆಕ್ಕದಲ್ಲಿ ತಂತಿ ಇನ್ನೂ ಅನಿವಾರ್ಯ. ಬಿಡಿಬಿಡಿಯಾಗಿ ಪರಿಶೀಲಿಸುವ ಕಡತದಲ್ಲಿ ಸೌರ ಸ್ಥಾವರಕ್ಕೆ ಮಂಜೂರಾತಿ ಸಿಕ್ಕು ತಂತಿಗೆ ಸಿಗದೆ ಹೋಗುವ ಸಾಧ್ಯತೆ ಇಲ್ಲಿಯೇ ಇದೆ.

ಈಗ ಎರಡನ್ನೂ ಒಂದೇ ಕಟ್ಟಾಗಿ ನೋಡಿ. ಈ ಫೀಡರಿನ ವಾರ್ಷಿಕ ಪೂರೈಕೆ ಸುಮಾರು 20.4 ಲಕ್ಷ ಯೂನಿಟ್. ಯೂನಿಟ್ಟಿಗೆ 2 ರೂಪಾಯಿ ಕಡಿಮೆಯಾದರೆ ವರ್ಷಕ್ಕೆ 40 ಲಕ್ಷ ರೂಪಾಯಿ. ಹಗಲು ಪೂರೈಕೆಯನ್ನು ತುದಿಯ ರೈತನವರೆಗೆ ಮುಟ್ಟಿಸುವ ತಂತಿಯ ವಾರ್ಷಿಕ ಹೊರೆ, ಅತಿ ಕಠಿಣ ದರದಲ್ಲಿಯೂ, 5.82 ಲಕ್ಷ. ಒಂಟಿಯಾಗಿ ಗಿಟ್ಟದ ತಂತಿ ಕಟ್ಟಿನೊಳಗೆ ಏಳು ಪಟ್ಟು ಲಾಭದ ಬಾಗಿಲು ತೆರೆಯುವ ಸಣ್ಣ ಖರ್ಚಾಗುತ್ತದೆ.

ಅರ್ಥಶಾಸ್ತ್ರದ ಮೇಷ್ಟ್ರು, ಧಾರವಾಡ

ಕಟ್ಟಾಗಿ ನೋಡಬೇಕೆಂಬುದು ಸರಿ, 40 ಲಕ್ಷ ಮಾತ್ರ ಅಷ್ಟು ಸಲೀಸಾಗಿ ಒಪ್ಪತಕ್ಕದ್ದಲ್ಲ. ನೀವು ಹೋಲಿಸಬೇಕಾದ 5 ರೂಪಾಯಿ ಯಾವ ಹೊತ್ತಿನದು? ಈಗ ಆ ಪಂಪ್‌ಸೆಟ್‌ಗಳು ರಾತ್ರಿ ನಡೆಯುತ್ತಿದ್ದರೆ ಹಗಲಿಗೆ ತಂದದ್ದರಿಂದ ಉಳಿತಾಯ ನಿಜ. ಈಗಾಗಲೇ ಹಗಲಿನಲ್ಲಿಯೇ ನಡೆಯುತ್ತಿದ್ದರೆ, ರಾಜ್ಯದಲ್ಲಿ ಸೌರ ವಿದ್ಯುತ್ ಹೇರಳವಾಗಿರುವ ಆ ಗಂಟೆಗಳಲ್ಲಿ ಖರೀದಿಯ ಅಂಚಿನ ಬೆಲೆ ಮೊದಲೇ ಕೆಳಗಿರುತ್ತದೆ. ಆಗ ಹೊಸ ಸ್ಥಾವರದಿಂದ ಬರುವ ಲಾಭ 2 ರೂಪಾಯಿ ಆಗಿರದೆ ಕೆಲವೇ ಪೈಸೆಗಳಿರಬಹುದು. ಲಾಭ ಕೊಡುವುದು ಬಹುಮಟ್ಟಿಗೆ ಗಂಟೆಯ ಬದಲಾವಣೆ, ಫಲಕ ಅಲ್ಲ. ಸ್ಥಾವರಕ್ಕೆ ಕೇಂದ್ರದಿಂದ ಬರುವ ಶೇ 30ರ ನೆರವು, ಮೆಗಾವ್ಯಾಟಿಗೆ ಗರಿಷ್ಠ 1.05 ಕೋಟಿ, ಇದನ್ನೂ ಸಮಾಜದ ಲೆಕ್ಕದಲ್ಲಿ ಖರ್ಚೆಂದೇ ಬರೆಯಬೇಕು. ಕಂಪನಿಯ ಲೆಕ್ಕದಲ್ಲಿ ಅದು ಉಳಿತಾಯದಂತೆ ಕಾಣುತ್ತದೆ. ಯಾರ ಕಣ್ಣಿನಿಂದ ಲೆಕ್ಕ ಹಾಕುತ್ತಿದ್ದೇವೆ ಎಂಬುದನ್ನು ಹಾಳೆಯ ತಲೆಯ ಮೇಲೆಯೇ ಬರೆದುಬಿಡುವುದು ಒಳ್ಳೆಯದು. ಗಂಟೆಯ ತಕರಾರು ಇತ್ಯರ್ಥವಾಗಿ ಲಾಭ 40 ಲಕ್ಷದಿಂದ 10 ಲಕ್ಷಕ್ಕೆ ಇಳಿದರೂ ತಂತಿಯ ಹೊರೆಯನ್ನು ದಾಟುತ್ತದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ನಿವೃತ್ತ ಇಂಜಿನಿಯರ್, ಧಾರವಾಡ

ಸ್ಥಾವರ ಉಪಕೇಂದ್ರದ ಬಳಿಯೇ ಇರಬೇಕೆಂದೇನೂ ಇಲ್ಲ. ಲೈನಿನ ಮೂರನೆಯ ಎರಡು ಭಾಗ ದೂರದಲ್ಲಿ, ಒಟ್ಟು ಹೊರೆಯ ಮೂರನೆಯ ಎರಡು ಭಾಗ ಸಾಮರ್ಥ್ಯದ್ದನ್ನು ಹಾಕಿದರೆ ನಷ್ಟದ ಒಂಬತ್ತರಲ್ಲಿ ಎಂಟು ಪಾಲು ಇಳಿಯುತ್ತದೆ ಎಂಬುದು ಕೆಪಾಸಿಟರ್ ಇಡುವವರ ಹಳೆಯ ಸೂತ್ರ. ಬಿಸಿಲು ಪೂರ್ತಿ ಇರುವ ಹೊತ್ತಿಗೆ ಸೌರಕ್ಕೂ ಹೆಚ್ಚುಕಡಿಮೆ ಅದೇ ಅನ್ವಯಿಸುತ್ತದೆ. ಆಗ ತಂತಿ ಬದಲಿಸದೆಯೂ ವೋಲ್ಟೇಜ್ ನಿಲ್ಲುತ್ತದೆ. ಆದರೆ ಮೋಡ ಬಂದ ಹತ್ತು ನಿಮಿಷಕ್ಕೆ ಅಷ್ಟೂ ಹೊರೆ ಮತ್ತೆ ವೀಸಲ್ ಮೇಲೆ ಬೀಳುತ್ತದೆ. ಲೈನ್ ಟ್ರಿಪ್ ಆದರೆ ಇನ್ವರ್ಟರುಗಳೂ ಸುರಕ್ಷತೆಗಾಗಿ ನಿಂತುಬಿಡುತ್ತವೆ, ಹಾಗಾಗಿ ಹಳ್ಳಿಯ ನಡುವೆ ಸ್ಥಾವರವಿದ್ದರೂ ಲೈನ್ ಸತ್ತರೆ ವಿದ್ಯುತ್ ಇಲ್ಲ. ಜಮೀನು ದೊರಕುವುದು, ಕಾವಲು, ನಿರ್ವಹಣೆ ಇವೂ ದೂರ ಹೋದಂತೆ ಕಷ್ಟ. ಗುತ್ತಿಗೆದಾರರು ಉಪಕೇಂದ್ರದ ಬಳಿಯ ಜಮೀನನ್ನೇ ಬಯಸುವುದಕ್ಕೆ ಕಾರಣಗಳಿವೆ. ತುದಿಯಲ್ಲಿ ಹಾಕಿದವರಿಗೆ ಹಾಗೆ ತಪ್ಪಿದ ನಷ್ಟದ ಉಳಿತಾಯದಲ್ಲಿ ಪಾಲು ಕೊಡುವ ದರ ಇಲ್ಲದಿರುವಾಗ ಅವರು ಬೇರೆ ರೀತಿ ಯೋಚಿಸಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಮಸಾರಿ ಹೊಲ, ಶಿರಹಟ್ಟಿ

ಹಗಲು ವಿದ್ಯುತ್ ಬಂದರೆ ಅರ್ಧ ಊರಿನ ನಿದ್ದೆ ಮರಳುತ್ತದೆ, ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ವೋಲ್ಟೇಜ್ ಸರಿಹೋದ ಮೇಲೆ ಮೋಟರ್ ಹೆಚ್ಚು ನೀರೆತ್ತುತ್ತದೆ ಎಂಬುದನ್ನೂ ಬರೆದುಕೊಳ್ಳಿ. ನಮ್ಮ ಮಸಾರಿ ನೆಲದಲ್ಲಿ ಬೋರುಗಳು ಈಗಲೇ ಮಾರ್ಚ್ ಹೊತ್ತಿಗೆ ಬಿಟ್ಟುಬಿಟ್ಟು ನೀರು ಕೊಡುತ್ತವೆ. ನೀವು 150 ದಿನ ಎಂದು ಹಿಡಿದದ್ದು 25 ವರ್ಷವೂ 150 ದಿನವಾಗಿಯೇ ಉಳಿಯುತ್ತದೆಯೇ? ನೀರು ಇನ್ನಷ್ಟು ಆಳಕ್ಕೆ ಹೋದರೆ ಜನ 5 ಎಚ್‌ಪಿ ತೆಗೆದು 7.5 ಎಚ್‌ಪಿ ಇಳಿಸುತ್ತಾರೆ, ಆಗ ನಿಮ್ಮ 120 ಆಂಪಿಯರ್ ಎಲ್ಲಿ ಉಳಿಯಿತು? ಪೂರ್ತಿ ಬತ್ತಿದರೆ ಹೊಸ ತಂತಿಗೆ ಹೊರೆಯೇ ಇರುವುದಿಲ್ಲ.

ಲೆಕ್ಕಪತ್ರ, ಹುಬ್ಬಳ್ಳಿ

ಶಿರಹಟ್ಟಿಯವರ ಪ್ರಶ್ನೆಯನ್ನು ಮಾದರಿಯೊಳಗೆ ತರಲು ದಾರಿಯಿದೆ. 25 ವರ್ಷದ ಒಂದೇ ಗೆರೆಯ ಬದಲು ಹೊರೆಯ ಮೂರು ದಾರಿಗಳನ್ನು ಹಾಕಿ: ಈಗಿನಂತೆಯೇ ಉಳಿದದ್ದು, ಮೋಟರ್ ದೊಡ್ಡದಾಗಿ ಹತ್ತು ವರ್ಷದಲ್ಲಿ 150 ಆಂಪಿಯರಿಗೆ ಏರಿದ್ದು, ಹನ್ನೆರಡನೆಯ ವರ್ಷದ ನಂತರ ಬೋರುಗಳು ಬತ್ತಿ ಅರ್ಧಕ್ಕೆ ಇಳಿದದ್ದು. ಎರಡನೆಯ ದಾರಿಯಲ್ಲಿ ನಷ್ಟ ವರ್ಗದ ಲೆಕ್ಕದಲ್ಲಿ ಏರುವುದರಿಂದ ರ‍್ಯಾಬಿಟ್ ತಂತಿ ನಷ್ಟದ ಬಲದಿಂದಲೇ ಗಿಟ್ಟುವ ಹಾದಿ ಹಿಡಿಯುತ್ತದೆ. ಮೂರನೆಯದರಲ್ಲಿ ಮೊದಲ ಹನ್ನೆರಡು ವರ್ಷದ ಹಗಲು ಪೂರೈಕೆಯ ಲಾಭದಿಂದಲೇ ತಂತಿಯ ಹಣ ಹಿಂದೆ ಬರಬೇಕು; ಮೇಷ್ಟ್ರ 10 ಲಕ್ಷ ಇದ್ದರೆ ಬರುತ್ತದೆ, ಅದಿಲ್ಲದೆ ನಷ್ಟದ ಉಳಿತಾಯವನ್ನಷ್ಟೇ ನೆಚ್ಚಿಕೊಂಡರೆ ಬರುವುದಿಲ್ಲ. ಪಾಳಿ ಮತ್ತು ನಡುವಿನ ಸ್ವಿಚ್ ಮೂರು ದಾರಿಯಲ್ಲಿಯೂ ಕಳೆದುಕೊಳ್ಳುವುದು ಅತಿ ಕಡಿಮೆ. ಆದ್ದರಿಂದ ನನ್ನ ಮಟ್ಟಿಗೆ ಕ್ರಮ ಹೀಗಿರಬೇಕು: ಮೊದಲು ಸ್ವಿಚ್ ಮತ್ತು ಕೆಪಾಸಿಟರ್, ಸೌರ ಸ್ಥಾವರದ ಒಪ್ಪಂದಕ್ಕೆ ಸಹಿ ಬಿದ್ದ ವರ್ಷವೇ ತಂತಿ, ಅದಕ್ಕೂ ಮೊದಲು ಬೇಡ.

ಕಪ್ಪತಗುಡ್ಡದ ಗಾಳಿ, ಗದಗ

ಒಪ್ಪಿದೆ. ಆದರೆ ಸಹಿ ಬಿದ್ದ ವರ್ಷವೇ ತಂತಿ ಬೇಕೆಂದರೆ ಅದು ಎರಡು ವರ್ಷ ಮೊದಲೇ ಬಂಡವಾಳ ಯೋಜನೆಯ ಪಟ್ಟಿಯಲ್ಲಿ ಸೇರಿರಬೇಕು. ಸೌರ ಸ್ಥಾವರದ ಟೆಂಡರು ಮತ್ತು ಲೈನಿನ ಅಂದಾಜುಪಟ್ಟಿ ಬೇರೆಬೇರೆ ಮೇಜುಗಳಲ್ಲಿ ತಯಾರಾಗುತ್ತವೆ. ಮುಂದಿನ ಸಾರ್ವಜನಿಕ ವಿಚಾರಣೆಗೆ ನಾವು ಕೇಳಬೇಕಾದದ್ದು ಎರಡು: ಸೌರೀಕರಣಕ್ಕೆ ಆಯ್ದ ಪ್ರತಿ ಕೃಷಿ ಫೀಡರಿನ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಗಂಟೆವಾರು ಆಂಪಿಯರ್ ಓದು, ಮತ್ತು ಅದೇ ಫೀಡರಿನ ತುದಿಯ ಟಿಸಿಯಲ್ಲಿ ಹಗಲು ಪೂರೈಕೆಯ ಹೊತ್ತಿನ ವೋಲ್ಟೇಜ್. ಉಪಕೇಂದ್ರದ ಮೀಟರಿನಲ್ಲಿ ಮೊದಲನೆಯದು ಇದ್ದೇ ಇರುತ್ತದೆ. ಎರಡನೆಯದಕ್ಕೆ ತುದಿಯ ಟಿಸಿಗೆ ಮೀಟರ್ ಕೂರಿಸಬೇಕು, ಅದರ ಖರ್ಚನ್ನು 48 ಲಕ್ಷದ ಪಕ್ಕದಲ್ಲಿ ಬರೆದರೆ ಕಣ್ಣಿಗೆ ಬೀಳುವುದಿಲ್ಲ. ಶಿರಹಟ್ಟಿಯವರು ತಮ್ಮ ಲೈನಿನ ಕವಲುಗಳು ಎಲ್ಲಿ ಒಡೆಯುತ್ತವೆ ಎಂಬುದರ ಒಂದು ಕೈನಕ್ಷೆ ಹಾಕಿಕೊಟ್ಟರೆ, ನಡುವಿನ ಸ್ವಿಚ್ಚಿನ ಬದಲು ಕವಲುಗಳ ಲೆಕ್ಕದಲ್ಲಿ ಪಾಳಿ ಒಡೆದಾಗ 63,000 ಮತ್ತು 84,000ದ ನಡುವೆ ಎಲ್ಲಿ ನಿಲ್ಲುತ್ತೇವೆ ಎಂಬುದನ್ನು ಹಿರಿಯರು ಹೇಳಬಲ್ಲರು.

ಮಸಾರಿ ಹೊಲ, ಶಿರಹಟ್ಟಿ

ನಕ್ಷೆ ಹಾಕಿಕೊಡುತ್ತೇನೆ. ಮುಖ್ಯ ಲೈನಿನಿಂದ ಹಳ್ಳದ ಆಚೆ ಹೋಗುವ ಕವಲು ಉದ್ದವಾಗಿದೆ, ಅದರ ಮೇಲೆ 63 ಕೆವಿಎ ಟಿಸಿಗಳೇ ಹೆಚ್ಚು. ಅದನ್ನು ನಿಮ್ಮ 12 ಕಿಲೋಮೀಟರಿನಲ್ಲಿ ಸೇರಿಸಿಲ್ಲವೆಂದು ತೋರುತ್ತದೆ, ಮೊದಲು ಅದನ್ನು ಸೇರಿಸಿ.